ಗಡಿಯಾರ ಹಿಡಿದ ಓಟಗಾರ

ಯಾವ ವಿದ್ಯೆಯನ್ನೇ ಆಗಲಿ ಕಲಿಯಲು ತೊಡಗಿದವನಿಗೆ ಮೊದಮೊದಲು ಏಳಿಗೆ ಬೇಗ ಕಾಣುತ್ತದೆ. ಗರಡಿಮನೆಗೆ ಹೊಸದಾಗಿ ಸೇರಿದ ಹುಡುಗ ಮೊದಲ ದಿನ ಹತ್ತು ದಂಡ ಹೊಡೆದು ಸುಸ್ತಾದರೂ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಐವತ್ತನ್ನು ಲೀಲಾಜಾಲವಾಗಿ ಹೊಡೆಯುತ್ತಾನೆ. ಓಟವನ್ನು ಅಭ್ಯಾಸ ಮಾಡುವವನು ದಿನದಿಂದ ದಿನಕ್ಕೆ ಹೆಚ್ಚು ದೂರವನ್ನು ಕ್ರಮಿಸುತ್ತಾನೆ. ಆದರೆ ಸ್ವಲ್ಪ ಕಾಲದ ಮೇಲೆ ಈ ಏಳಿಗೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಶ್ರಮ ಮೊದಲಿನಷ್ಟೇ ಇರುತ್ತದೆ, ಬೆವರೂ ಮೊದಲಿನಷ್ಟೇ ಸುರಿಯುತ್ತದೆ. ಫಲ ಮಾತ್ರ ಒಂದು ಗೆರೆಯನ್ನು ದಾಟುವುದಿಲ್ಲ. ಬಹುಮಂದಿ ಅಭ್ಯಾಸವನ್ನು ಕೈಬಿಡುವುದು ಇಂತಹ ಹೊತ್ತಿನಲ್ಲಿಯೇ. ತಮ್ಮ ಶಕ್ತಿ ಇಷ್ಟೇ, ತಮ್ಮ ಹಣೆಯಲ್ಲಿ ಬರೆದದ್ದು ಇಷ್ಟೇ ಎಂದು ಅವರು ಸಮಾಧಾನ ಹೇಳಿಕೊಳ್ಳುತ್ತಾರೆ. ಇನ್ನು ಕೆಲವರು ಹಟದಿಂದ ಅದೇ ಅಭ್ಯಾಸವನ್ನು ಇಮ್ಮಡಿಗೊಳಿಸಿ ದೇಹವನ್ನು ದಂಡಿಸಿಕೊಳ್ಳುತ್ತಾರೆ. ಅಪರೂಪಕ್ಕೆ ಒಬ್ಬ ಮಾತ್ರ ನಿಂತು, ತನ್ನ ಅಭ್ಯಾಸದ ಕ್ರಮದಲ್ಲಿಯೇ ಏನಾದರೂ ಕೊರತೆ ಇರಬಹುದೇ ಎಂದು ಪರೀಕ್ಷಿಸಿಕೊಳ್ಳುತ್ತಾನೆ. ಅಂತಹ ಅಪರೂಪದ ಸಾಧಕರಲ್ಲಿ ಫಿನ್ಲೆಂಡಿನ ಓಟಗಾರ ಪಾವೊ ನೂರ್ಮಿ ಒಬ್ಬ.

ಯೂರೋಪಿನ ಉತ್ತರದ ಅಂಚಿನಲ್ಲಿರುವ ಫಿನ್ಲೆಂಡ್ ಸರೋವರಗಳ ಮತ್ತು ದಟ್ಟವಾದ ಕಾಡುಗಳ ನಾಡು. ವರ್ಷದಲ್ಲಿ ಹಲವು ತಿಂಗಳು ಅಲ್ಲಿ ನೆಲ ಹಿಮದಿಂದ ಮುಚ್ಚಿರುತ್ತದೆ. ಆ ದೇಶದ ನೈಋತ್ಯದಲ್ಲಿ, ಕಡಲ ದಡದಲ್ಲಿ, ತುರ್ಕು ಎಂಬ ಪುರಾತನ ನಗರವಿದೆ. ಪಾವೊ ನೂರ್ಮಿ ಹುಟ್ಟಿದ್ದು ಈ ನಗರದಲ್ಲಿ, 1897ರ ಜೂನ್ 13ರಂದು. ಆಗ ಫಿನ್ಲೆಂಡ್ ಸ್ವತಂತ್ರ ರಾಷ್ಟ್ರವಾಗಿರಲಿಲ್ಲ. ರಷ್ಯಾದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ನೂರ್ಮಿಯ ತಂದೆ ಬಡಗಿ. ಮರಗೆಲಸದಿಂದ ಬರುತ್ತಿದ್ದ ಅಲ್ಪ ಆದಾಯದಲ್ಲಿ ಸಂಸಾರ ನಡೆಯಬೇಕಾಗಿತ್ತು. ಪಾವೊ ಆ ಮನೆಯ ಹಿರಿಯ ಮಗ.

1910ರಲ್ಲಿ ತಂದೆ ತೀರಿಕೊಂಡಾಗ ಪಾವೊ ಇನ್ನೂ ಹದಿಮೂರು ದಾಟದ ಬಾಲಕ. ಸಂಸಾರದ ನೊಗ ತಾಯಿಯ ಮತ್ತು ಈ ಹುಡುಗನ ಹೆಗಲ ಮೇಲೆ ಬಿತ್ತು. ಇದ್ದ ಚಿಕ್ಕ ಮನೆಯ ಅಡುಗೆಕೋಣೆಯನ್ನು ಇನ್ನೊಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, ಉಳಿದ ಒಂದೇ ಕೋಣೆಯಲ್ಲಿ ಎಲ್ಲರೂ ಬದುಕಬೇಕಾಯಿತು. ಪಾವೊ ಓದಿನಲ್ಲಿ ಜಾಣ; ಗಣಿತವೆಂದರೆ ಅವನಿಗೆ ಬಹಳ ಪ್ರೀತಿ. ಆದರೂ ಶಾಲೆಯನ್ನು ಬಿಟ್ಟು ದುಡಿಯದೆ ಬೇರೆ ದಾರಿ ಇರಲಿಲ್ಲ. ಅವನು ಒಂದು ಬೇಕರಿಯಲ್ಲಿ ಸಾಮಾನು ಸಾಗಿಸುವ ಹುಡುಗನಾಗಿ ಸೇರಿದನು. ತುಂಬಿದ ಕೈಗಾಡಿಯನ್ನು ನಗರದ ಕಡಿದಾದ ಏರುದಾರಿಗಳಲ್ಲಿ ತಳ್ಳಿಕೊಂಡು ಹೋಗುವುದು ಅವನ ಕೆಲಸ. ಎಳೆಯ ಮೈಗೆ ಅದು ಮಿತಿ ಮೀರಿದ ದುಡಿಮೆ. ಆದರೆ ಆ ಏರುದಾರಿಗಳೇ ಅವನ ಬೆನ್ನಿಗೂ ಕಾಲುಗಳಿಗೂ ಉಕ್ಕಿನ ಬಲವನ್ನು ತಂದುಕೊಟ್ಟವು. ತನ್ನ ಮೊದಲ ವ್ಯಾಯಾಮಶಾಲೆ ಆ ಕೈಗಾಡಿಯೇ ಎಂಬುದನ್ನು ನೂರ್ಮಿ ಮುಂದೆ ಕೃತಜ್ಞತೆಯಿಂದ ನೆನೆಯುತ್ತಿದ್ದನು.

1912ರಲ್ಲಿ ನೆರೆಯ ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ ಎಂಬ ಓಟಗಾರ ಅಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದನು. ಪರರ ಆಳ್ವಿಕೆಯಲ್ಲಿದ್ದ ಚಿಕ್ಕ ನಾಡಿನ ಹೆಸರು ಜಗತ್ತಿನ ಕಿವಿಗೆ ಬಿದ್ದ ಆ ಸುದ್ದಿ ಫಿನ್ಲೆಂಡಿನ ಹಳ್ಳಿಹಳ್ಳಿಗಳನ್ನೂ ಮುಟ್ಟಿತು. ಹದಿನೈದು ವರ್ಷದ ನೂರ್ಮಿಯ ಮನಸ್ಸಿನಲ್ಲಿ ಅದು ಕಿಡಿಯನ್ನು ಹೊತ್ತಿಸಿತು. ಕೆಲವೇ ದಿನಗಳಲ್ಲಿ ಅವನು ತನ್ನ ಜೀವನದ ಮೊದಲನೆಯ ಜೊತೆ ಓಟದ ಬೂಟುಗಳನ್ನು ಕೊಂಡುಕೊಂಡನು. ಅಂದಿನಿಂದ ಬೇಸಿಗೆಯಲ್ಲಿ ಕಾಡುದಾರಿಯ ಓಟ, ಚಳಿಗಾಲದಲ್ಲಿ ಹಿಮದ ಮೇಲೆ ಸ್ಕೀ ಜಾರಾಟ ಅವನ ನಿತ್ಯದ ವ್ರತವಾಯಿತು. ಹಗಲೆಲ್ಲ ದುಡಿದು ದಣಿದ ಮೇಲೆ ಉಳಿದ ಹೊತ್ತು ಮಾತ್ರ ಅವನದು. ಕಲಿಸಿಕೊಡಲು ಗುರುವಿರಲಿಲ್ಲ, ನೆರವಾಗಲು ಹಣವಿರಲಿಲ್ಲ.

1914ರಲ್ಲಿ ತುರ್ಕುವಿನ ಒಂದು ಕ್ರೀಡಾಸಂಘವನ್ನು ಸೇರಿ, ಕಿರಿಯರ 3,000 ಮೀಟರ್ ಓಟದಲ್ಲಿ ನೂರ್ಮಿ ಮೊದಲನೆಯವನಾಗಿ ಬಂದನು. ಆರಂಭ ಚೆನ್ನಾಗಿಯೇ ಇತ್ತು. ಇನ್ನು ಕೆಲವೇ ವರ್ಷಗಳಲ್ಲಿ ತಾನೂ ಕೊಲೆಹ್ಮೈನೆನ್ನನ ಸಾಲಿಗೆ ಸೇರಬಹುದೆಂದು ಅವನು ಕನಸು ಕಂಡಿರಬೇಕು. ಆದರೆ ಅನಂತರದ ನಾಲ್ಕು ವರ್ಷಗಳು ಅವನ ತಾಳ್ಮೆಯನ್ನು ಕಠಿಣವಾಗಿ ಪರೀಕ್ಷಿಸಿದವು. ಈ ವೇಳೆಗೆ ಅವನು ಒಂದು ಯಂತ್ರದ ಕಾರ್ಯಾಗಾರದಲ್ಲಿ ಕೆಲಸಕ್ಕೆ ಸೇರಿದ್ದನು. ದುಡಿಮೆಯ ನಡುವೆಯೂ ಅಭ್ಯಾಸವನ್ನು ಬಿಡಲಿಲ್ಲ. ಮೈಲಿಗಟ್ಟಲೆ ನಡೆದನು, ಮೈಲಿಗಟ್ಟಲೆ ಓಡಿದನು. ಆದರೂ 5,000 ಮೀಟರ್ ಓಟಕ್ಕೆ ಅವನಿಗೆ ತಗುಲುತ್ತಿದ್ದ ಕಾಲ 1915ರಿಂದ 1918ರವರೆಗೆ ಹದಿನಾರು ನಿಮಿಷದ ಆಸುಪಾಸಿನಲ್ಲಿಯೇ ನಿಂತುಬಿಟ್ಟಿತು. ಒಂದು ವರ್ಷದ ಬೆವರಿಗೆ ಕೆಲವೇ ಸೆಕೆಂಡುಗಳ ಲಾಭ. ಕೊಲೆಹ್ಮೈನೆನ್ ಅಷ್ಟೇ ದೂರವನ್ನು 14 ನಿಮಿಷ 36.6 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯನ್ನು ಸ್ಥಾಪಿಸಿದ್ದನು. ಇಬ್ಬರ ನಡುವಿನ ಅಂತರ ಒಂದು ನಿಮಿಷಕ್ಕಿಂತಲೂ ಹೆಚ್ಚು. ಓಟದ ಪಥದಲ್ಲಿ ಅದು ಸುಮಾರು ಒಂದು ಸುತ್ತಿನಷ್ಟು ದೂರ.

ಹೀಗಾದುದು ಏಕೆ? ನೂರ್ಮಿಯ ಶ್ರಮದಲ್ಲಿ ಕೊರತೆ ಇರಲಿಲ್ಲ. ಶ್ರಮದ ಬಗೆಯಲ್ಲಿ ಕೊರತೆ ಇತ್ತು. ಮನುಷ್ಯನ ದೇಹ ಬಹಳ ಜಾಣ. ಹೊಸ ಭಾರವನ್ನು ಹೊರಿಸಿದಾಗ ಅದು ಮೊದಲು ದಣಿಯುತ್ತದೆ. ವಿಶ್ರಾಂತಿಯ ಕಾಲದಲ್ಲಿ ಆ ಭಾರಕ್ಕೆ ತಕ್ಕಷ್ಟು ಬಲವನ್ನು ಕೂಡಿಸಿಕೊಳ್ಳುತ್ತದೆ. ಅದೇ ಭಾರವನ್ನು ಅದೇ ಕ್ರಮದಲ್ಲಿ ನಿತ್ಯವೂ ಹೊರಿಸುತ್ತಿದ್ದರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ. ಹೆಚ್ಚಿನ ಬಲವನ್ನು ಗಳಿಸಿಕೊಳ್ಳಲು ಅದಕ್ಕೆ ಕಾರಣವೇ ಉಳಿಯುವುದಿಲ್ಲ. ನೂರ್ಮಿ ನಿಧಾನವಾಗಿ ಬಹುದೂರ ನಡೆಯುವುದನ್ನೂ ಓಡುವುದನ್ನೂ ರೂಢಿಸಿಕೊಂಡಿದ್ದನು. ಅದರಿಂದ ಅವನಿಗೆ ದಣಿವನ್ನು ತಾಳಿಕೊಳ್ಳುವ ಗುಣ ಬಂದಿತ್ತು. ಆದರೆ ನಿಧಾನವಾಗಿ ಓಡುವುದನ್ನು ಕಲಿತ ಕಾಲು ನಿಧಾನವಾಗಿಯೇ ಓಡುತ್ತದೆ. ವೇಗ ಬೇಕೆನ್ನುವವನು ವೇಗವನ್ನೇ ಅಭ್ಯಾಸ ಮಾಡಬೇಕು. ಇಂದು ವ್ಯಾಯಾಮ ಶಿಕ್ಷಕರೆಲ್ಲರಿಗೂ ತಿಳಿದಿರುವ ಈ ಸಂಗತಿ ಅಂದಿನ ದಿನಗಳಲ್ಲಿ ಬಹುಮಂದಿಗೆ ಸ್ಪಷ್ಟವಾಗಿರಲಿಲ್ಲ. ನೂರ್ಮಿ ಅದನ್ನು ಒಂದೇ ದಿನದಲ್ಲಿ ಕಂಡುಕೊಳ್ಳಲಿಲ್ಲ. ಒಂದೊಂದೇ ಮೆಟ್ಟಿಲನ್ನು ತಡಕಾಡಿಕೊಂಡು ಏರಿದನು.

ಈ ನಡುವೆ ದೇಶದಲ್ಲಿ ದೊಡ್ಡ ಬದಲಾವಣೆಗಳು ನಡೆದವು. 1917ರ ಡಿಸೆಂಬರ್ 6ರಂದು ಫಿನ್ಲೆಂಡ್ ಸ್ವಾತಂತ್ರ್ಯವನ್ನು ಘೋಷಿಸಿಕೊಂಡಿತು. ಮರುವರ್ಷವೇ ಭೀಕರವಾದ ಅಂತರ್ಯುದ್ಧ ನಡೆದು ಅಣ್ಣತಮ್ಮಂದಿರಂತಿದ್ದವರು ಒಬ್ಬರನ್ನೊಬ್ಬರು ಕೊಂದರು. ನೂರ್ಮಿ ಯಾವ ಪಕ್ಷವನ್ನೂ ಸೇರದೆ ತನ್ನ ದುಡಿಮೆಯಲ್ಲಿಯೂ ಅಭ್ಯಾಸದಲ್ಲಿಯೂ ಮಗ್ನನಾಗಿದ್ದನು. 1919ರ ಏಪ್ರಿಲ್ ತಿಂಗಳಲ್ಲಿ ಅವನು ಕಡ್ಡಾಯವಾದ ಸೈನಿಕ ಸೇವೆಗೆ ಸೇರಬೇಕಾಯಿತು. ಅವನ ಜೀವನದ ತಿರುವು ಬಂದುದು ಅಲ್ಲಿಯೇ. ಅವನಿದ್ದ ಪಡೆಯ ಅಧಿಕಾರಿ ಕ್ರೀಡೆಗಳಲ್ಲಿ ಆಸಕ್ತಿಯುಳ್ಳವನು. ನೂರ್ಮಿಗೂ ಇನ್ನು ಕೆಲವರಿಗೂ ಅಭ್ಯಾಸಕ್ಕಾಗಿ ಅವನು ಬಿಡುವನ್ನು ಕೊಟ್ಟನು. ಬಾಲ್ಯದಿಂದ ದುಡಿಮೆಯ ಗಾಣಕ್ಕೆ ಕಟ್ಟಿಬಿದ್ದಿದ್ದ ಯುವಕನಿಗೆ ಮೊದಲ ಬಾರಿಗೆ ಯೋಚಿಸಲು ಸಮಯ ಸಿಕ್ಕಿತು.

ತನ್ನ ಹೆಜ್ಜೆ ಗಿಡ್ಡವಾಗಿರುವುದು, ಕಾಲಿನಲ್ಲಿ ಚುರುಕು ಸಾಲದಿರುವುದು ಅವನ ಗಮನಕ್ಕೆ ಬಂದಿತು. ಇದಕ್ಕೆ ಅವನು ವಿಚಿತ್ರವಾದ ಉಪಾಯಗಳನ್ನು ಹೂಡಿದನು. ರೈಲು ಹೊರಟಾಗ ಕೊನೆಯ ಬಂಡಿಯ ಹಿಂಬದಿಯನ್ನು ಹಿಡಿದುಕೊಂಡು ಅದರ ಹಿಂದೆಯೇ ಓಡುತ್ತಿದ್ದನು. ರೈಲಿನ ವೇಗ ಅವನನ್ನು ಎಳೆದುಕೊಂಡು ಹೋಗುವಾಗ ಹೆಜ್ಜೆ ತಾನಾಗಿಯೇ ಉದ್ದವಾಗುತ್ತಿತ್ತು. ಅಪಾಯದಿಂದ ಕೂಡಿದ ಈ ಅಭ್ಯಾಸ ಯಾರಿಗೂ ಅನುಕರಣೀಯವಲ್ಲ. ಆದರೆ ತನ್ನ ಕೊರತೆಯನ್ನು ಅವನು ಎಷ್ಟು ಸ್ಪಷ್ಟವಾಗಿ ಗುರುತಿಸಿದ್ದನೆಂಬುದನ್ನು ಅದು ತೋರಿಸುತ್ತದೆ. ಕಬ್ಬಿಣದ ಲಾಳ ಬಡಿದ ಭಾರವಾದ ಸೈನಿಕ ಬೂಟುಗಳನ್ನು ತೊಟ್ಟು ಓಡಿ ಕಾಲುಗಳಿಗೆ ಬಲ ತಂದುಕೊಂಡನು. ಒಮ್ಮೆ 20 ಕಿಲೋಮೀಟರ್ ದೂರದ ಪಥಸಂಚಲನದ ಸ್ಪರ್ಧೆ ಏರ್ಪಟ್ಟಿತು. ಹೆಗಲ ಮೇಲೆ ಬಂದೂಕು, ಬೆನ್ನಿಗೆ ಮರಳು ತುಂಬಿದ ಚೀಲ ಹೊತ್ತು ಹೋಗಬೇಕಾಗಿದ್ದ ಆ ದಾರಿಯನ್ನು ನೂರ್ಮಿ ಉದ್ದಕ್ಕೂ ಓಡಿಯೇ ಮುಗಿಸಿದನು.

ಈ ಬದಲಾವಣೆಯ ಫಲ ಬೇಗನೆ ಕಾಣಿಸಿತು. ವರ್ಷಗಟ್ಟಲೆ ಅಲುಗಾಡದೆ ನಿಂತಿದ್ದ ಗೆರೆ ಕದಲಿತು. 1920ರ ಮೇ ತಿಂಗಳಲ್ಲಿ 3,000 ಮೀಟರ್ ಓಟದಲ್ಲಿ ಅವನು ಹೊಸ ರಾಷ್ಟ್ರೀಯ ದಾಖಲೆಯನ್ನು ಸ್ಥಾಪಿಸಿದನು. ಅದೇ ವರ್ಷ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಿಗೆ ಫಿನ್ಲೆಂಡ್ ತಂಡದಲ್ಲಿ ಆಯ್ಕೆಯಾದನು.

ಆಂಟ್‌ವರ್ಪಿನಲ್ಲಿ ಅವನ ಮೊದಲ ಸ್ಪರ್ಧೆ 5,000 ಮೀಟರ್ ಓಟ. ಆರಂಭದ ಸುತ್ತುಗಳಲ್ಲಿಯೇ ಬಿರುಸಾಗಿ ಓಡಿ ಎದುರಾಳಿಗಳ ಎದೆಗುಂದಿಸುವುದು ಆಗಿನ ದಿನಗಳಲ್ಲಿ ನೂರ್ಮಿಯ ಕ್ರಮ. ಅಂದೂ ಹಾಗೆಯೇ ಮಾಡಿದನು. ಒಬ್ಬೊಬ್ಬರೇ ಹಿಂದೆ ಬಿದ್ದರು. ಆದರೆ ಫ್ರಾನ್ಸಿನ ಜೋಸೆಫ್ ಗಿಯ್ಮೊ ಮಾತ್ರ ನೆರಳಿನಂತೆ ಹಿಂಬಾಲಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದಿಂದ ಶ್ವಾಸಕೋಶಕ್ಕೆ ಪೆಟ್ಟು ತಿಂದು ಚೇತರಿಸಿಕೊಂಡಿದ್ದ ವೀರ ಅವನು. ಕೊನೆಯ ಹಂತದಲ್ಲಿ ಗಿಯ್ಮೊ ಮುನ್ನುಗ್ಗಿದಾಗ ನೂರ್ಮಿಯ ಕಾಲುಗಳಲ್ಲಿ ಪ್ರತಿಯಾಗಿ ಓಡಲು ಕಸುವು ಉಳಿದಿರಲಿಲ್ಲ. ಚಿನ್ನದ ಪದಕ ಕೈತಪ್ಪಿತು. ಮೂರು ದಿನಗಳ ಅನಂತರ 10,000 ಮೀಟರ್ ಓಟದಲ್ಲಿ ಇಬ್ಬರೂ ಮತ್ತೆ ಎದುರಾದರು. ಈ ಸಲ ನೂರ್ಮಿ ಶಕ್ತಿಯನ್ನು ಕಾದಿರಿಸಿಕೊಂಡು ಓಡಿ, ಕೊನೆಯ ತಿರುವಿನಲ್ಲಿ ಗಿಯ್ಮೊನನ್ನು ಹಿಂದಿಕ್ಕಿ ತನ್ನ ಮೊದಲನೆಯ ಒಲಿಂಪಿಕ್ ಚಿನ್ನವನ್ನು ಗೆದ್ದನು. ಗುಡ್ಡಗಾಡು ಓಟದಲ್ಲಿ ವೈಯಕ್ತಿಕ ಚಿನ್ನವೂ ತಂಡದ ಚಿನ್ನವೂ ಅವನಿಗೆ ದೊರೆತವು.

ಮೂರು ಚಿನ್ನ, ಒಂದು ಬೆಳ್ಳಿ. ಬೇರೆ ಯಾರಾದರೂ ಆಗಿದ್ದರೆ ಗೆದ್ದ ಪದಕಗಳನ್ನು ನೋಡಿ ಹಿಗ್ಗುತ್ತಿದ್ದರು. ಅವನ ಮನೆಗೆ ಆ ಗೆಲುವಿನ ಬಹುಮಾನವಾಗಿ ವಿದ್ಯುದ್ದೀಪವೂ ನೀರಿನ ನಲ್ಲಿಯೂ ಬಂದವು. ಬಡತನದಲ್ಲಿ ಬೆಂದ ತಾಯಿಗೆ ಅದಕ್ಕಿಂತ ದೊಡ್ಡ ಪದಕ ಬೇಕಿರಲಿಲ್ಲ. ಹೆಲ್ಸಿಂಕಿಯ ಕೈಗಾರಿಕಾ ಶಾಲೆಯಲ್ಲಿ ಓದಲು ನೂರ್ಮಿಗೆ ವಿದ್ಯಾರ್ಥಿವೇತನವೂ ದೊರೆಯಿತು. ಆದರೆ ಅವನ ಮನಸ್ಸನ್ನು ಕೊರೆಯುತ್ತಿದ್ದುದು ಕೈತಪ್ಪಿದ ಒಂದು ಪದಕ. ಅದಕ್ಕೆ ಅವನು ಅದೃಷ್ಟವನ್ನು ಹಳಿಯಲಿಲ್ಲ, ಎದುರಾಳಿಯನ್ನು ದೂರಲಿಲ್ಲ. ಬಾಲ್ಯದಲ್ಲಿ ಬಿಟ್ಟುಬಂದಿದ್ದ ಗಣಿತವನ್ನು ನೆರವಿಗೆ ಕರೆದನು.

400 ಮೀಟರ್ ಉದ್ದದ ಪಥದಲ್ಲಿ 5,000 ಮೀಟರ್ ಓಡಬೇಕಾದರೆ ಹನ್ನೆರಡೂವರೆ ಸುತ್ತುಗಳಾಗುತ್ತವೆ. ಅದನ್ನು 15 ನಿಮಿಷಗಳಲ್ಲಿ ಮುಗಿಸಬೇಕಾದರೆ ಪ್ರತಿ ಸುತ್ತಿಗೂ 72 ಸೆಕೆಂಡುಗಳು. ಮೊದಲ ಸುತ್ತನ್ನು 65 ಸೆಕೆಂಡಿನಲ್ಲಿ ಓಡಿದವನು ಏಳು ಸೆಕೆಂಡುಗಳನ್ನು ಗಳಿಸಿದೆನೆಂದು ಭಾವಿಸುತ್ತಾನೆ. ನಿಜವಾಗಿ ಅವನು ಗಳಿಸುವುದಿಲ್ಲ, ಸಾಲ ಮಾಡುತ್ತಾನೆ. ಅತಿವೇಗದಲ್ಲಿ ಸ್ನಾಯುಗಳಿಗೆ ಬೇಕಾದಷ್ಟು ಪ್ರಾಣವಾಯುವನ್ನು ಉಸಿರು ಒದಗಿಸಲಾರದು. ಕಾಲುಗಳು ಬೇಗನೆ ಬಿಗಿದುಕೊಳ್ಳುತ್ತವೆ. ಕೊನೆಯ ಸುತ್ತುಗಳಲ್ಲಿ ಆ ಸಾಲವನ್ನು ಬಡ್ಡಿಯೊಡನೆ ತೀರಿಸಬೇಕಾಗುತ್ತದೆ. ಆದುದರಿಂದ ಇರುವ ಶಕ್ತಿಯನ್ನು ಓಟದ ಉದ್ದಕ್ಕೂ ಸಮನಾಗಿ ಹಂಚಿಕೊಳ್ಳುವುದೇ ಜಾಣತನ. ಈ ಲೆಕ್ಕವನ್ನು ಅರಿತ ನೂರ್ಮಿ ಒಂದು ಸ್ಟಾಪ್ ವಾಚನ್ನು ಕೈಯಲ್ಲಿ ಹಿಡಿದುಕೊಂಡು ಓಡತೊಡಗಿದನು. ಅಭ್ಯಾಸದಲ್ಲಿ ಮಾತ್ರವೇ ಅಲ್ಲದೆ ಸ್ಪರ್ಧೆಯಲ್ಲಿಯೂ ಅದು ಅವನ ಅಂಗೈಯಲ್ಲಿರುತ್ತಿತ್ತು. ಒಂದೊಂದು ಸುತ್ತು ಮುಗಿದಾಗಲೂ ಗಡಿಯಾರದ ಕಡೆಗೆ ಒಮ್ಮೆ ಕಣ್ಣು ಹಾಯಿಸಿ, ವೇಗವನ್ನು ತುಸು ಹೆಚ್ಚಿಸುತ್ತಲೋ ಕಡಿಮೆ ಮಾಡುತ್ತಲೋ ಅವನು ಓಡುತ್ತಿದ್ದನು. ಪಕ್ಕದಲ್ಲಿ ಯಾರು ಓಡುತ್ತಿದ್ದಾರೆ, ಹಿಂದೆ ಯಾರು ಬರುತ್ತಿದ್ದಾರೆ ಎಂಬುದು ಅವನಿಗೆ ಮುಖ್ಯವಾಗಿರಲಿಲ್ಲ. ಪ್ರತಿಯೊಂದು ಓಟವೂ ಒಂದು ಪ್ರಯೋಗವಾಯಿತು. ಓಟ ಮುಗಿದ ಮೇಲೆ ಅದರ ಫಲವನ್ನು ವಿಮರ್ಶಿಸಿ ಮುಂದಿನ ಪ್ರಯೋಗಕ್ಕೆ ಅಣಿಯಾಗುತ್ತಿದ್ದನು.

ಪ್ರಯೋಗ ಫಲಿಸಿತು. 1921ರ ಜೂನ್ ತಿಂಗಳಲ್ಲಿ ಸ್ಟಾಕ್‌ಹೋಮಿನಲ್ಲಿ 10,000 ಮೀಟರ್ ದೂರವನ್ನು 30 ನಿಮಿಷ 40.2 ಸೆಕೆಂಡುಗಳಲ್ಲಿ ಓಡಿ ನೂರ್ಮಿ ತನ್ನ ಮೊದಲನೆಯ ವಿಶ್ವದಾಖಲೆಯನ್ನು ಸ್ಥಾಪಿಸಿದನು. 1922ರಲ್ಲಿ 2,000, 3,000 ಮತ್ತು 5,000 ಮೀಟರ್ ಓಟಗಳ ದಾಖಲೆಗಳು ಅವನವಾದವು. ಇವುಗಳಲ್ಲಿ 5,000 ಮೀಟರಿನ ದಾಖಲೆ ಹತ್ತು ವರ್ಷಗಳಿಂದ ಉಳಿದುಬಂದಿದ್ದ ಕೊಲೆಹ್ಮೈನೆನ್ನನ ದಾಖಲೆ. ಯಾರನ್ನು ಕಂಡು ಹುಡುಗ ಓಡಲು ಕಲಿತನೋ ಆ ಗುರುವನ್ನೇ ಶಿಷ್ಯ ಮೀರಿಸಿದ್ದನು. 1923ರಲ್ಲಿ ಒಂದು ಮೈಲಿ ದೂರವನ್ನು 4 ನಿಮಿಷ 10.4 ಸೆಕೆಂಡುಗಳಲ್ಲಿ ಕ್ರಮಿಸಿದಾಗ ಮೈಲಿ, 5,000 ಮೀಟರ್, 10,000 ಮೀಟರ್ ಈ ಮೂರೂ ದಾಖಲೆಗಳು ಒಬ್ಬನ ಹೆಸರಿನಲ್ಲಿಯೇ ಸೇರಿದವು. ಅದೇ ವರ್ಷ ಅವನು ಕೈಗಾರಿಕಾ ಶಾಲೆಯ ವ್ಯಾಸಂಗವನ್ನೂ ಮುಗಿಸಿದನು.

ಇಷ್ಟಾದರೂ ನೂರ್ಮಿ ತನ್ನ ಅಭ್ಯಾಸಕ್ರಮವನ್ನು ತಿದ್ದುವುದನ್ನು ನಿಲ್ಲಿಸಲಿಲ್ಲ. 1924ರ ವೇಳೆಗೆ ಅವನ ದಿನಚರಿಯಲ್ಲಿ ಹಲವು ಬಗೆಯ ವ್ಯಾಯಾಮಗಳು ಸೇರಿಕೊಂಡಿದ್ದವು. ಬೆಳಗ್ಗೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ. ನಡುನಡುವೆ ಬಿರುಸಾದ ಓಟದ ತುಣುಕುಗಳು. ಮೈ ಸಡಿಲಿಸುವ ಅಂಗಸಾಧನೆ. ತುಸು ವಿಶ್ರಾಂತಿಯ ಅನಂತರ ಸುಮಾರು ನೂರು ಮೀಟರಿನ ವೇಗದ ಓಟಗಳು, ಆಮೇಲೆ ಗಡಿಯಾರವನ್ನು ಹಿಡಿದು ಅಳೆದ ಹೆಚ್ಚು ದೂರದ ಓಟ. ಸಂಜೆ ಬಯಲಿನಲ್ಲಿ ಮತ್ತೆ ಕೆಲವು ಕಿಲೋಮೀಟರುಗಳ ಓಟ. ತಾಳ್ಮೆಯ ಓಟಕ್ಕೂ ವೇಗದ ಓಟಕ್ಕೂ ಅಲ್ಲಿ ಸಮನಾದ ಸ್ಥಾನವಿತ್ತು. ಮೊದಲ ವರ್ಷಗಳ ಏಕಮುಖವಾದ, ನಿಧಾನವಾದ ಅಭ್ಯಾಸದಿಂದ ತಾನು ಬಹಳ ಕಾಲವನ್ನು ಕಳೆದುಕೊಂಡೆನೆಂದು ಅವನು ಮುಂದಿನ ದಿನಗಳಲ್ಲಿ ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಿದ್ದನು.

1924ರ ವಸಂತದಲ್ಲಿ ಮತ್ತೊಂದು ವಿಘ್ನ ಒದಗಿತು. ಪ್ಯಾರಿಸ್ ಒಲಿಂಪಿಕ್ಸಿಗೆ ಇನ್ನು ಕೆಲವೇ ತಿಂಗಳುಗಳಿರುವಾಗ ಅವನ ಮೊಣಕಾಲಿಗೆ ಪೆಟ್ಟಾಯಿತು. ಅದರ ಜೊತೆಗೆ, ಅಲ್ಲಿಯ ವೇಳಾಪಟ್ಟಿಯಂತೆ 1,500 ಮೀಟರ್ ಮತ್ತು 5,000 ಮೀಟರ್ ಅಂತಿಮ ಓಟಗಳೆರಡೂ ಒಂದೇ ಮಧ್ಯಾಹ್ನ ಒಂದರ ಬೆನ್ನಿಗೆ ಒಂದು ನಡೆಯಬೇಕಾಗಿದ್ದವು. ಒಬ್ಬನೇ ಓಟಗಾರ ಎರಡರಲ್ಲಿಯೂ ಗೆಲ್ಲುವುದು ಅಸಾಧ್ಯವೆಂದು ಎಲ್ಲರೂ ಭಾವಿಸಿದರು. ನೂರ್ಮಿ ಭಾವನೆಗಳನ್ನು ನಂಬುವವನಲ್ಲ, ಪ್ರಯೋಗವನ್ನು ನಂಬುವವನು. ಮೊಣಕಾಲು ಗುಣವಾದ ಮೇಲೆ ಜೂನ್ 19ರಂದು ಹೆಲ್ಸಿಂಕಿಯಲ್ಲಿ ಅವನು ಆ ಎರಡು ಓಟಗಳನ್ನೂ ಒಂದು ಗಂಟೆಯ ಒಳಗೆ ಓಡಿನೋಡಿದನು. 1,500 ಮೀಟರಿಗೆ 3 ನಿಮಿಷ 52.6 ಸೆಕೆಂಡು, 5,000 ಮೀಟರಿಗೆ 14 ನಿಮಿಷ 28.2 ಸೆಕೆಂಡು. ಎರಡೂ ಹೊಸ ವಿಶ್ವದಾಖಲೆಗಳು! ಆರು ವರ್ಷಗಳ ಹಿಂದೆ ಹದಿನಾರು ನಿಮಿಷದ ಬಳಿ ಎಡವಿ ನಿಂತಿದ್ದವನು ಈಗ ಹದಿನಾಲ್ಕೂವರೆ ನಿಮಿಷದ ಗೆರೆಯನ್ನು ದಾಟಿದ್ದನು.

ಜುಲೈ 10ರಂದು ಪ್ಯಾರಿಸಿನಲ್ಲಿ ನಿಜವಾದ ಪರೀಕ್ಷೆ ನಡೆಯಿತು. 1,500 ಮೀಟರ್ ಓಟದಲ್ಲಿ ನೂರ್ಮಿ ಆರಂಭದಿಂದಲೂ ಮುಂದಿದ್ದು, ಕೊನೆಯ ಸುತ್ತಿನಲ್ಲಿ ವೇಗವನ್ನು ತಗ್ಗಿಸಿ, ಮುಂದಿನ ಓಟಕ್ಕೆ ಶಕ್ತಿಯನ್ನು ಉಳಿಸಿಕೊಂಡೇ ಗೆದ್ದನು. ಎರಡು ಗಂಟೆಯೂ ಕಳೆಯುವ ಮೊದಲೇ 5,000 ಮೀಟರ್ ಓಟಕ್ಕೆ ಅವನು ಮತ್ತೆ ಪಥದಲ್ಲಿ ನಿಂತಿದ್ದನು. ಅವನ ದೇಶದವನೇ ಆದ ವಿಲ್ಲೆ ರಿಟೊಲ, ಸ್ವೀಡನ್ನಿನ ಎಡ್ವಿನ್ ವಿಡೆ ಅವನ ಪ್ರಬಲ ಎದುರಾಳಿಗಳು. ನೂರ್ಮಿ ದಣಿದಿರುವನೆಂದು ಬಗೆದು ಅವರಿಬ್ಬರೂ ಆರಂಭದಲ್ಲಿಯೇ ಬಿರುಗಾಳಿಯಂತೆ ಓಡತೊಡಗಿದರು. ನಾಲ್ಕು ವರ್ಷಗಳ ಹಿಂದಿನ ನೂರ್ಮಿಯಾಗಿದ್ದರೆ ಅವರನ್ನು ಮೀರಿಸುವ ಹಟದಿಂದ ಓಡಿ ಸೋಲುತ್ತಿದ್ದನೇನೋ. ಈಗ ಅವನು ಗಡಿಯಾರವನ್ನು ನೋಡಿಕೊಳ್ಳುತ್ತ ತನ್ನ ಲೆಕ್ಕಕ್ಕೆ ಸರಿಯಾಗಿಯೇ ಓಡಿದನು. ಕ್ರಮೇಣ ಮುಂದಿದ್ದವರ ವೇಗ ಕುಗ್ಗಿ ಅವನು ಅವರನ್ನು ಕೂಡಿಕೊಂಡನು. ಗಡಿಯಾರದ ಕೆಲಸ ಮುಗಿದು ಇನ್ನುಳಿದಿರುವುದು ಮನುಷ್ಯರೊಡನೆಯ ಹೋರಾಟ ಎಂದು ತಿಳಿದಾಗ ಅದನ್ನು ಹುಲ್ಲಿನ ಮೇಲೆ ಎಸೆದನು. ಕೊನೆಯ ನೇರ ಪಥದಲ್ಲಿ ರಿಟೊಲ ಪ್ರಾಣವನ್ನೇ ಪಣವಾಗಿಟ್ಟು ಓಡಿದರೂ ನೂರ್ಮಿ ಅವನನ್ನು ಒಂದು ಮೀಟರಿನಷ್ಟು ಹಿಂದೆಯೇ ಉಳಿಸಿ ಗುರಿಯನ್ನು ಮುಟ್ಟಿದನು.

ಎರಡು ದಿನಗಳ ಅನಂತರ ಗುಡ್ಡಗಾಡು ಓಟ ನಡೆಯಿತು. ಅಂದು ಪ್ಯಾರಿಸಿನಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸನ್ನು ಮೀರಿತ್ತು. ಓಡಲು ಹೊರಟ 38 ಮಂದಿಯಲ್ಲಿ ಗುರಿ ಮುಟ್ಟಿದವರು 15 ಮಂದಿ ಮಾತ್ರ. ಹಲವರು ಪ್ರಜ್ಞೆ ತಪ್ಪಿ ಬಿದ್ದರು. ಗುರಿಯನ್ನು ಮುಟ್ಟಿದವರಲ್ಲಿಯೂ ಕೆಲವರನ್ನು ಡೋಲಿಯಲ್ಲಿ ಹೊತ್ತೊಯ್ಯಬೇಕಾಯಿತು. ನೂರ್ಮಿ ಮಾತ್ರ ಆಯಾಸದ ಕುರುಹೇ ಇಲ್ಲದೆ ಎಲ್ಲರಿಗಿಂತ ಮುಂದಾಗಿ ಬಂದನು. ಮರುದಿನ 3,000 ಮೀಟರ್ ತಂಡದ ಓಟದಲ್ಲಿಯೂ ಜಯ ಅವನದೇ. ಆರು ದಿನಗಳಲ್ಲಿ ಏಳು ಓಟಗಳನ್ನು ಓಡಿ ಐದು ಚಿನ್ನದ ಪದಕಗಳನ್ನು ಅವನು ಗೆದ್ದುಕೊಂಡನು. ತಂಡದ ಅಧಿಕಾರಿಗಳು 10,000 ಮೀಟರ್ ಓಟಕ್ಕೆ ತನ್ನನ್ನು ಸೇರಿಸಲಿಲ್ಲವೆಂಬ ಕೊರಗು ಅವನಿಗಿತ್ತು. ಊರಿಗೆ ಮರಳಿದ ಮೇಲೆ ಆಗಸ್ಟ್ 31ರಂದು ಆ ದೂರವನ್ನು 30 ನಿಮಿಷ 6.2 ಸೆಕೆಂಡುಗಳಲ್ಲಿ ಓಡಿ ಅದಕ್ಕೆ ಉತ್ತರ ಕೊಟ್ಟನು. ಆ ದಾಖಲೆಯನ್ನು ಮುರಿಯಲು ಜಗತ್ತು 1937ರವರೆಗೆ ಕಾಯಬೇಕಾಯಿತು.

1925ರಲ್ಲಿ ಅಮೆರಿಕದ ಪ್ರವಾಸ ಕೈಗೊಂಡ ನೂರ್ಮಿ ಐದು ತಿಂಗಳಲ್ಲಿ 55 ಬಾರಿ ಓಡಿದನು. ಅವುಗಳಲ್ಲಿ ಸೋತದ್ದು ಕೆಲವೇ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ 10,000 ಮೀಟರಿನ ಚಿನ್ನವನ್ನೂ ಇನ್ನೆರಡು ಓಟಗಳಲ್ಲಿ ಬೆಳ್ಳಿಯನ್ನೂ ಗೆದ್ದನು. ಆ ಬೆಳ್ಳಿಗಳಲ್ಲಿ ಒಂದು ಬಂದುದು ಅವನಿಗೆ ಅಭ್ಯಾಸವಿಲ್ಲದ ಅಡೆತಡೆಗಳ ಓಟದಲ್ಲಿ. ಮೊದಲ ಸುತ್ತಿನ ಸ್ಪರ್ಧೆಯಲ್ಲಿ ನೀರಿನ ಹೊಂಡವನ್ನು ಹಾರುವಾಗ ಅವನು ಮುಗ್ಗರಿಸಿ ಬಿದ್ದನು. ಫ್ರಾನ್ಸಿನ ದ್ಯುಕೇನ್ ಎಂಬ ಓಟಗಾರ ನಿಂತು ಅವನ ಕೈಹಿಡಿದು ಎಬ್ಬಿಸಿದನು. ಮಾತಿನಲ್ಲಿ ಜಿಪುಣನೆಂದು ಹೆಸರಾಗಿದ್ದ ನೂರ್ಮಿ ಆ ಉಪಕಾರವನ್ನು ಓಟದಲ್ಲಿಯೇ ತೀರಿಸಿದನು; ಉಳಿದ ದಾರಿಯುದ್ದಕ್ಕೂ ದ್ಯುಕೇನನಿಗೆ ಜೊತೆಯಾಗಿ ಓಡಿ ಅವನನ್ನು ಮುನ್ನಡೆಸಿದನು.

ಒಲಿಂಪಿಕ್ ಮ್ಯಾರಥಾನನ್ನು ಗೆದ್ದು ಕ್ರೀಡಾಜೀವನವನ್ನು ಮುಗಿಸಬೇಕೆಂಬುದು ನೂರ್ಮಿಯ ಕೊನೆಯ ಆಸೆ. ಅದಕ್ಕಾಗಿ 1932ರಲ್ಲಿ ಅವನು ಸಿದ್ಧನಾಗಿದ್ದನು. ಆದರೆ ಆ ಕಾಲದಲ್ಲಿ ಒಲಿಂಪಿಕ್ಸಿನಲ್ಲಿ ಹವ್ಯಾಸಿ ಕ್ರೀಡಾಪಟುಗಳಿಗೆ ಮಾತ್ರ ಅವಕಾಶವಿತ್ತು. ಸ್ಪರ್ಧೆಗಳಿಗಾಗಿ ಮಿತಿ ಮೀರಿ ಹಣ ಪಡೆದನೆಂಬ ಆರೋಪದ ಮೇಲೆ ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆ ಅವನನ್ನು ಲಾಸ್ ಏಂಜಲೀಸ್ ಒಲಿಂಪಿಕ್ಸಿನಿಂದ ದೂರವಿಟ್ಟಿತು. ದೇಹದ ಮಿತಿಯನ್ನು ಲೆಕ್ಕಾಚಾರದಿಂದ ಗೆದ್ದವನು ಮುಚ್ಚಿದ ಈ ಬಾಗಿಲನ್ನು ಮಾತ್ರ ತೆರೆಯಲಾರದೆ ಹೋದನು. ಆ ನೋವು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಆದರೂ ಓಟದ ವಿದ್ಯೆಯನ್ನು ಅವನು ತೊರೆಯಲಿಲ್ಲ. ತನ್ನ ದೇಶದ ತರುಣ ಓಟಗಾರರಿಗೆ ತರಬೇತಿ ಕೊಟ್ಟನು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ 10,000 ಮೀಟರ್ ಓಟದ ಮೂರು ಪದಕಗಳೂ ಫಿನ್ಲೆಂಡಿನ ಪಾಲಾದವು. ಮುಂದೆ ಹೆಲ್ಸಿಂಕಿಯಲ್ಲಿ ಬಟ್ಟೆಯ ಅಂಗಡಿಯನ್ನು ನಡೆಸಿ, ಕಟ್ಟಡಗಳ ನಿರ್ಮಾಣದಲ್ಲಿ ತೊಡಗಿ, ಬಡಗಿಯ ಮಗ ಸಿರಿವಂತನಾದನು. 1968ರಲ್ಲಿ ತನ್ನ ಹೆಸರಿನ ಪ್ರತಿಷ್ಠಾನವನ್ನು ಸ್ಥಾಪಿಸಿ, ಹೃದ್ರೋಗದ ಸಂಶೋಧನೆಗೆ ನೆರವು ದೊರೆಯುವಂತೆ ಮಾಡಿದನು.

1952ರ ಜುಲೈ 19ರಂದು ಹೆಲ್ಸಿಂಕಿಯಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾದಾಗ ಉರಿಯುವ ಪಂಜನ್ನು ಹಿಡಿದು ಕ್ರೀಡಾಂಗಣವನ್ನು ಪ್ರವೇಶಿಸಿದ ವ್ಯಕ್ತಿಯನ್ನು ಕಂಡು ಜನಸ್ತೋಮ ಆನಂದದಿಂದ ಭೋರ್ಗರೆಯಿತು. ಐವತ್ತೈದು ವರ್ಷದ ನೂರ್ಮಿ, ಹಳೆಯ ಲಯ ತಪ್ಪದ ಹೆಜ್ಜೆಗಳಲ್ಲಿ ಓಡಿಬಂದು ಕ್ರೀಡಾಜ್ಯೋತಿಯನ್ನು ಬೆಳಗಿದನು. ಅನಂತರ ಕ್ರೀಡಾಂಗಣದ ಗೋಪುರದ ಮೇಲಿನ ಜ್ಯೋತಿಯನ್ನು ಬೆಳಗಿದವನು ಅವನ ಬಾಲ್ಯದ ಆದರ್ಶ ಪುರುಷನಾದ ಕೊಲೆಹ್ಮೈನೆನ್. ಇಪ್ಪತ್ತು ವರ್ಷಗಳ ಹಿಂದೆ ಒಲಿಂಪಿಕ್ಸಿನಿಂದ ದೂರವಾಗಿದ್ದವನಿಗೆ ಅವನ ಜನ ಸಲ್ಲಿಸಿದ ಗೌರವ ಅದು.

ಪಾವೊ ನೂರ್ಮಿ 1973ರ ಅಕ್ಟೋಬರ್ 2ರಂದು ಹೆಲ್ಸಿಂಕಿಯಲ್ಲಿ ನಿಧನ ಹೊಂದಿದನು. ಸರ್ಕಾರಿ ಗೌರವದೊಡನೆ ಅವನ ಅಂತ್ಯಕ್ರಿಯೆ ನಡೆದು, ಹುಟ್ಟೂರಾದ ತುರ್ಕುವಿನಲ್ಲಿ ಅವನ ದೇಹವನ್ನು ಮಣ್ಣುಮಾಡಲಾಯಿತು. ಒಂಬತ್ತು ಚಿನ್ನ, ಮೂರು ಬೆಳ್ಳಿ, ಒಟ್ಟು ಹನ್ನೆರಡು ಒಲಿಂಪಿಕ್ ಪದಕಗಳು; 1,500 ಮೀಟರಿನಿಂದ 20 ಕಿಲೋಮೀಟರಿನವರೆಗೆ 22 ಅಧಿಕೃತ ವಿಶ್ವದಾಖಲೆಗಳು. ಆ ದಾಖಲೆಗಳೆಲ್ಲವೂ ಕಾಲಕ್ರಮದಲ್ಲಿ ಮುರಿದುಹೋದವು. ದಾಖಲೆಗಳಿರುವುದು ಮುರಿಯುವುದಕ್ಕಾಗಿಯೇ. ಆದರೆ ಅವನು ತೋರಿಸಿದ ದಾರಿ ಉಳಿದಿದೆ. ಏಳಿಗೆ ನಿಂತಾಗ ಅವನು ತನ್ನನ್ನು ಹಳಿದುಕೊಂಡು ಕೂರಲಿಲ್ಲ, ಕುರುಡಾಗಿ ಬೆವರನ್ನೂ ಸುರಿಸಲಿಲ್ಲ. ಎಲ್ಲಿ ಕೊರತೆಯಿದೆ ಎಂದು ಹುಡುಕಿದನು, ಸಿಕ್ಕಿದ ಕೊರತೆಯನ್ನು ಅಳೆದನು, ಅಳೆದುದನ್ನು ತಿದ್ದಿಕೊಂಡನು. ಆಟದ ಬಯಲಿನಲ್ಲಿ ಓಡುವವರಿಗೆ ಹೇಗೋ, ಮನೆಯ ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತವರಿಗೂ ಹಾಗೆಯೇ, ನಿಂತುಹೋದ ಹೆಜ್ಜೆಯನ್ನು ಮತ್ತೆ ಮುಂದಿಡಲು ಆ ದಾರಿ ತೆರೆದೇ ಇದೆ.